ಎಂಜಿನ್ ಬದಲಾಯಿತು, ದೀಪ ಆರಲಿಲ್ಲ

ಬೆಂಗಳೂರಿನ ಶಿವಾಜಿನಗರದ ಗುಜರಿ ಗಲ್ಲಿಗಳಿಗೆ ಸೆಕೆಂಡ್ ಹ್ಯಾಂಡ್ ಎಂಜಿನ್ ಹುಡುಕಿಕೊಂಡು ಬರುವವರು ನೋಡುವುದೆಲ್ಲ ಕಬ್ಬಿಣವನ್ನೇ. ಆಯಿಲ್ ಕ್ಯಾಪ್ ತಿರುವಿ ಒಳಗೆ ಕಪ್ಪು ಕೆಸರು ಕಟ್ಟಿದೆಯೇ ಎಂದು ಇಣುಕುತ್ತಾರೆ. ಪುಲ್ಲಿಗೆ ಸ್ಪ್ಯಾನರ್ ಹಾಕಿ ತಿರುಗಿಸಿ ಕಂಪ್ರೆಷನ್ ಹಿಡಿಯುತ್ತದೆಯೇ ಎಂದು ನೋಡುತ್ತಾರೆ. ಬ್ಲಾಕಿನ ಮೇಲೆ ವೆಲ್ಡಿಂಗ್ ಗುರುತು ಕಂಡರೆ ಚೌಕಾಸಿ ಮಾಡುತ್ತಾರೆ. ಎಂಜಿನ್ನಿನ ಮೈಮೇಲೆ ಅಲ್ಲೊಂದು ಇಲ್ಲೊಂದು ಅಂಟಿಕೊಂಡಿರುವ, ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ತುಂಡುಗಳ ಕಡೆಗೆ ಮಾತ್ರ ಕಣ್ಣು ಹೋಗುವುದು ಕಡಿಮೆ. ಕಪ್ಲರ್ ಬಿಚ್ಚುವ ತಾಳ್ಮೆಯಿಲ್ಲದೆ ಯಾರೋ ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿದ ವೈರುಗಳು ಅವುಗಳಿಂದ ಜೋತಾಡುತ್ತಿರುತ್ತವೆ. ಎಂಜಿನ್ನನ್ನು ಗ್ಯಾರೇಜಿಗೆ ಸಾಗಿಸಿ, ಕೂರಿಸಿ, ಮೊದಲ ಬಾರಿ ಕೀ ತಿರುಗಿಸಿ, ಸದ್ದು ಕೇಳಿ ಎಲ್ಲರೂ ಸಂತೋಷಪಟ್ಟ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹತ್ತಿಕೊಳ್ಳುತ್ತದೆ.

ಮುಂದಿನ ಕಥೆ ಬಹುತೇಕ ಗ್ಯಾರೇಜುಗಳಲ್ಲಿ ಒಂದೇ ರೀತಿ ಸಾಗುತ್ತದೆ. ಸ್ಕ್ಯಾನರ್ ಹಾಕುತ್ತಾರೆ, ಅದೊಂದು ಕೋಡ್ ತೋರಿಸುತ್ತದೆ, ಪಕ್ಕದಲ್ಲೇ ಒಂದು ಸೆನ್ಸರಿನ ಹೆಸರೂ ಇರುತ್ತದೆ. ‘ಸೆನ್ಸರ್ ಹೋಗಿದೆ ಸಾರ್, ಚೇಂಜ್ ಮಾಡಿಬಿಡೋಣ.’ ಜೆ.ಸಿ. ರೋಡಿನಿಂದ ಹೊಸ ಸೆನ್ಸರ್ ಬರುತ್ತದೆ, ಕೋಡ್ ಅಳಿಸುತ್ತಾರೆ, ದೀಪ ಆರುತ್ತದೆ, ಬಿಲ್ ಆಗುತ್ತದೆ. ಎರಡು ದಿನಕ್ಕೆ ದೀಪ ಮತ್ತೆ ಹಾಜರ್. ಆಗ ಇನ್ನೊಂದು ಕಂಪನಿಯ ಸೆನ್ಸರ್, ಅದೂ ಆಗದಿದ್ದರೆ ‘ಒರಿಜಿನಲ್ಲೇ ಹಾಕಬೇಕು ಸಾರ್’. ಮೂರು ಸೆನ್ಸರುಗಳ ದುಡ್ಡು ಹೋದ ಮೇಲೆ ‘ಇಸಿಎಂ ಹೋಗಿರಬೇಕು’ ಎಂಬ ಮಾತು ಹೊರಡುತ್ತದೆ.

ಎಂಜಿನ್ ಬದಲಿಸಿದ ಗಾಡಿಯಲ್ಲಿ ಪಟ್ಟುಬಿಡದೆ ಹತ್ತುವ ದೀಪಕ್ಕೆ ಕೆಟ್ಟ ಸೆನ್ಸರ್ ಕಾರಣವಾಗಿರುವುದು ಅಪರೂಪ. ಸೆನ್ಸರ್ ತಾನು ಕಂಡದ್ದನ್ನು ಸರಿಯಾಗಿಯೇ ವರದಿ ಮಾಡುತ್ತಿರುತ್ತದೆ. ಆದರೆ ಆ ವರದಿಯನ್ನು ಓದುವ ಕಂಪ್ಯೂಟರ್ (ಇಸಿಎಂ ಎಂದರೆ ಇದೇ) ಬೇರೊಂದು ಎಂಜಿನ್ನಿಗಾಗಿ ತಯಾರಾದದ್ದು. ಅದಕ್ಕೆ ತನ್ನ ಹಳೆಯ ಎಂಜಿನ್ ಹೇಗೆ ವರ್ತಿಸುತ್ತಿತ್ತು ಎಂಬುದಷ್ಟೇ ಗೊತ್ತು. ಕೋಡ್ ಎಂದರೆ ಇವೆರಡರ ನಡುವಿನ ಭಿನ್ನಾಭಿಪ್ರಾಯದ ದಾಖಲೆ. ಯಾವ ಭಾಗ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ, ಯಾವ ತಂತಿಯ ಮೇಲೆ ತಕರಾರು ಎದ್ದಿದೆ ಎಂದಷ್ಟೇ ಹೇಳುತ್ತದೆ.

ದೀಪ ಎರಡು ದಿನ ತಡವಾಗಿ ಬರುವುದರಲ್ಲೂ ಮರ್ಮವಿಲ್ಲ. ಬಹುತೇಕ ದೋಷಗಳನ್ನು ಕಂಪ್ಯೂಟರ್ ಮೊದಲ ಸಲ ಕಂಡಾಗ ದೀಪ ಹತ್ತಿಸದೆ ಒಳಗೇ ಗುರುತು ಹಾಕಿಕೊಳ್ಳುತ್ತದೆ. ಮುಂದಿನ ಓಡಾಟದಲ್ಲೂ ಅದೇ ದೋಷ ಕಂಡರೆ ಆಗ ಹತ್ತಿಸುತ್ತದೆ. ಗ್ಯಾರೇಜಿನವರು ಕೋಡ್ ಅಳಿಸಿದಾಗ ಈ ಲೆಕ್ಕವೂ ಅಳಿಸಿಹೋಗಿ ಸೊನ್ನೆಯಿಂದ ಶುರುವಾಗುತ್ತದೆ. ಹೊಸ ಸೆನ್ಸರ್ ಎರಡು ದಿನ ‘ಕೆಲಸ ಮಾಡಿತು’ ಎಂಬ ಭ್ರಮೆ ಹುಟ್ಟುವುದು ಹೀಗೆ.

ಈ ದೀಪದ ಹುಟ್ಟನ್ನು ತಿಳಿದರೆ ಅದರ ಸ್ವಭಾವವೂ ಅರ್ಥವಾಗುತ್ತದೆ. ಅದು ಎಂಜಿನ್ನಿನ ಆಯುಷ್ಯ ಕಾಯಲು ಬಂದದ್ದಲ್ಲ. ಲಾಸ್ ಏಂಜಲೀಸ್ ನಗರದ ಕಣ್ಣುರಿಸುವ ಮಬ್ಬಿಗೆ ಕಾರುಗಳ ಹೊಗೆಯೇ ಮೂಲವೆಂದು ಆರಿ ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಅದರ ಬೆನ್ನಿಗೆ ಕ್ಯಾಲಿಫೋರ್ನಿಯಾ ಹೊಗೆಯ ಮೇಲೆ ಒಂದರ ಹಿಂದೊಂದು ಕಾನೂನು ತಂದಿತು. ಹೊಗೆ ಹೆಚ್ಚಿಸುವ ದೋಷವನ್ನು ಕಾರೇ ಪತ್ತೆಹಚ್ಚಿ ಮಾಲೀಕನಿಗೆ ಹೇಳಬೇಕೆಂಬ ನಿಯಮ ಅಲ್ಲಿ 1988ರ ಮಾದರಿಗಳಿಂದ ಶುರುವಾಯಿತು. 1996ರಿಂದ ಅಮೆರಿಕದ ಎಲ್ಲ ಕಾರುಗಳಿಗೂ ಒಂದೇ ಬಗೆಯ 16 ಪಿನ್ನಿನ ಸಾಕೆಟ್, ಒಂದೇ ಬಗೆಯ ಕೋಡುಗಳು ಬಂದವು. ಭಾರತದಲ್ಲಿ ಬಿಎಸ್-4 ಜೊತೆಗೆ 2010ರ ಏಪ್ರಿಲ್‌ನಲ್ಲಿ ಈ ನಿಯಮದ ಮೊದಲ ಹಂತ, 2013ರ ಏಪ್ರಿಲ್‌ನಲ್ಲಿ ಎರಡನೆಯ ಹಂತ ಜಾರಿಯಾಯಿತು. ಗಾಡಿ ಚೆನ್ನಾಗಿ ಓಡುತ್ತಿದೆ, ಪಿಕಪ್ ಇದೆ, ಮೈಲೇಜೂ ಇದೆ, ಆದರೂ ದೀಪ ಉರಿಯುತ್ತಿದೆ ಎಂದರೆ ಆಶ್ಚರ್ಯಪಡಬೇಕಿಲ್ಲ. ಅದರ ಚಿಂತೆ ಹೊಗೆಯ ಕೊಳವೆಯದು. ಮಿಣುಕಿದರೆ ಮಾತ್ರ ಬೇರೆ ವಿಷಯ: ಸಿಲಿಂಡರ್ ಮಿಸ್ಸಿಂಗ್ ಹೊಡೆದು, ಉರಿಯದ ಇಂಧನ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ ಎಂದರ್ಥ. ಆಗ ಗಾಡಿ ನಿಲ್ಲಿಸುವುದೇ ಮೇಲು.

ನಮ್ಮಲ್ಲಿ ಈ ಗೊಂದಲಕ್ಕೆ ತಕ್ಕ ಉದಾಹರಣೆ ಬೇಕೆಂದರೆ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ನಿಗಿಂತ ಒಳ್ಳೆಯದು ಸಿಗಲಾರದು. ಫಿಯೆಟ್ 2003ರಲ್ಲಿ ಹೊರತಂದ ಈ 1248 ಸಿಸಿ ಎಂಜಿನ್ ಭಾರತದಲ್ಲಿ ಎಷ್ಟು ಮನೆಗಳಲ್ಲಿ ಸಂಸಾರ ಹೂಡಿತೆಂದರೆ ‘ದೇಶದ ಎಂಜಿನ್’ ಎಂಬ ಅಡ್ಡಹೆಸರೇ ಬಿತ್ತು. ಸ್ವಿಫ್ಟ್, ಡಿಸೈರ್, ರಿಟ್ಜ್, ಎರ್ಟಿಗಾ, ಇಂಡಿಕಾ ವಿಸ್ಟಾ, ಮಾಂಝಾ, ಪುಂಟೊ, ಲೀನಿಯಾ, ಎಲ್ಲದರಲ್ಲೂ ಇದೇ. ಹಾಗಾಗಿ ಗುಜರಿಯಲ್ಲಿ ‘ಎಲ್ಲ ಒಂದೇ ಎಂಜಿನ್ ಸಾರ್, ಯಾವುದಕ್ಕೆ ಯಾವುದಾದರೂ ಕೂರುತ್ತೆ’ ಎಂಬ ಭರವಸೆ ಸುಲಭವಾಗಿ ಸಿಗುತ್ತದೆ. ಬ್ಲಾಕಿನ ಮಟ್ಟಿಗೆ ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಈ ಎಂಜಿನ್ ಎರಡು ಬಗೆಯಲ್ಲಿ ಬಂದಿತ್ತು. ಸುಮಾರು 75 ಅಶ್ವಶಕ್ತಿಯದರಲ್ಲಿ ಸಾದಾ ಟರ್ಬೊ, 90ರ ಆಸುಪಾಸಿನದರಲ್ಲಿ ರೆಕ್ಕೆಗಳ ಕೋನ ಬದಲಾಯಿಸಿಕೊಳ್ಳುವ ವೇರಿಯಬಲ್ ಟರ್ಬೊ. ಎರಡನೆಯ ಬಗೆಯ ಎಂಜಿನ್ನನ್ನು ಮೊದಲ ಬಗೆಯ ಕಾರಿಗೆ ಕೂರಿಸಿದರೆ ಆ ರೆಕ್ಕೆಗಳನ್ನು ಆಡಿಸಬೇಕೆಂಬ ವಿಷಯವೇ ಕಂಪ್ಯೂಟರಿಗೆ ತಿಳಿದಿರುವುದಿಲ್ಲ. ವ್ಯಾಕ್ಯೂಮ್ ಸಿಗದೆ ರೆಕ್ಕೆಗಳು ತೆರೆದೇ ಉಳಿಯುತ್ತವೆ, ಗಾಳಿಯ ಒತ್ತಡ ಏರುವುದಿಲ್ಲ. ಕೇಳಿದಷ್ಟು ಬೂಸ್ಟ್ ಬರುತ್ತಿಲ್ಲವೆಂದು ಪಿ0299 ಬೀಳುತ್ತದೆ. ಸ್ಕ್ಯಾನರ್ ನೋಡಿದವರು ಬದಲಿಸುವುದು ಬೂಸ್ಟ್ ಪ್ರೆಷರ್ ಸೆನ್ಸರನ್ನು. ಅದೋ, ಒತ್ತಡ ಕಡಿಮೆ ಇದೆಯೆಂಬ ನಿಜವನ್ನೇ ಹೇಳುತ್ತಿತ್ತು.

ಸೆನ್ಸರ್ ಸರಿಯಿದ್ದೂ ಅದರ ಅಳತೆಗೋಲು ಬೇರೆಯಿದ್ದರೆ? ಇನ್‌ಟೇಕ್ ಮ್ಯಾನಿಫೋಲ್ಡಿನ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರುಗಳು ನೋಡಲು ಒಂದೇ ತರ, ಕಪ್ಲರೂ ಒಂದೇ. ಒಂದು ಎರಡೂವರೆ ಬಾರ್‌ವರೆಗೆ ಅಳೆಯುವಂಥದ್ದು, ಇನ್ನೊಂದು ಮೂರು ಬಾರ್‌ವರೆಗೆ. ಇವನ್ನು ಪತ್ತೆಹಚ್ಚಲು ಗಾಡಿ ಸ್ಟಾರ್ಟ್ ಮಾಡುವುದೂ ಬೇಡ. ಕೀ ಆನ್ ಮಾಡಿ, ಎಂಜಿನ್ ನಿಂತಿರುವಾಗಲೇ ಸ್ಕ್ಯಾನರಿನಲ್ಲಿ ಮ್ಯಾಪ್ ರೀಡಿಂಗ್ ನೋಡಬೇಕು. ನಿಂತ ಎಂಜಿನ್ನಿನ ಒಳಗಿರುವುದು ಹೊರಗಿನದೇ ಗಾಳಿ, ಆದ್ದರಿಂದ ಊರಿನ ವಾಯುಭಾರವೇ ಅಲ್ಲೂ ಕಾಣಬೇಕು. ಮಂಗಳೂರಿನಲ್ಲಾದರೆ 101 ಕಿಲೊಪಾಸ್ಕಲ್ ಸುಮಾರು. ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿರುವ ಬೆಂಗಳೂರಿನಲ್ಲಿ 91ರ ಆಸುಪಾಸು, ಮಡಿಕೇರಿಯಲ್ಲಿ ಇನ್ನೂ ಕಡಿಮೆ. ಬೆಂಗಳೂರಿನಲ್ಲಿ ನಿಂತ ಕಾರು 76 ತೋರಿಸಿದರೆ ವಾತಾವರಣವೇನೂ ಕುಸಿದಿಲ್ಲ, ಸೆನ್ಸರಿನ ಅಳತೆ ಮತ್ತು ಕಂಪ್ಯೂಟರಿನ ಲೆಕ್ಕ ಹೊಂದುತ್ತಿಲ್ಲ. (ಕರಾವಳಿಯ ಅಂಕಿಯನ್ನು ಎಲ್ಲೋ ನೋಡಿಕೊಂಡು ಬಂದು, 91 ತೋರಿಸುತ್ತಿದ್ದ ಒಳ್ಳೆಯ ಸೆನ್ಸರನ್ನು ಎಸೆಯುವವರೂ ಇದ್ದಾರೆ.)

ಉಷ್ಣತೆಯ ಸೆನ್ಸರಿಗೂ ಇಂಥದ್ದೇ ಬಿಟ್ಟಿ ಪರೀಕ್ಷೆಯಿದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೂಲೆಂಟ್ ಎಷ್ಟು, ಒಳಬರುವ ಗಾಳಿ ಎಷ್ಟು ಎಂದು ನೋಡಿ. ಎರಡೂ ಹೊರಗಿನ ಹವೆಯ ಹತ್ತಿರ ಹತ್ತಿರ ಇರಬೇಕು. ಗಾಳಿ 22 ಡಿಗ್ರಿ, ಕೂಲೆಂಟ್ 41 ಎಂದರೆ ಎಂಜಿನ್ನಿನ ಜೊತೆ ಬಂದ ಸೆನ್ಸರಿನ ರೋಧದ ಏರಿಳಿತ ಈ ಕಂಪ್ಯೂಟರಿಗೆ ತಕ್ಕದ್ದಲ್ಲ. ಎಂಜಿನ್ ಬಿಸಿಯಾದ ಮೇಲೆ ಈ ವ್ಯತ್ಯಾಸ ಕಣ್ಣಿಗೆ ಬೀಳದೆ ಹೋಗಬಹುದು.

ಹೀಗಾಗಿ ಅನುಭವಸ್ಥರು ಎಂಜಿನ್ ಇಳಿಸುವ ದಿನವೇ ಒಂದು ಕೆಲಸ ಮಾಡುತ್ತಾರೆ. ಹಳೆಯ ಎಂಜಿನ್ನಿನ ಸೆನ್ಸರುಗಳು, ಥ್ರಾಟಲ್ ಬಾಡಿ, ಇನ್‌ಟೇಕ್, ಟರ್ಬೊ, ಇಜಿಆರ್ ವಾಲ್ವ್, ಸುಸ್ಥಿತಿಯಲ್ಲಿರುವ ಎಲ್ಲವನ್ನೂ ಬಿಚ್ಚಿ ಹೊಸದಾಗಿ ಬಂದ ಬ್ಲಾಕಿಗೆ ದಾಟಿಸುತ್ತಾರೆ. ಕಂಪ್ಯೂಟರಿನ ಕಣ್ಣಿಗೆ ಆಗ ಏನೂ ಬದಲಾಗಿರುವುದಿಲ್ಲ. ಡೀಸೆಲ್ ಆದರೆ ಇಂಜೆಕ್ಟರುಗಳ ಗಮನವೂ ಬೇಕು. ಬಹುತೇಕ ಕಾಮನ್ ರೈಲ್ ಇಂಜೆಕ್ಟರುಗಳ ತಲೆಯ ಮೇಲೆ ಒಂದೊಂದಕ್ಕೂ ಬೇರೆ ಬೇರೆ ಕೋಡ್ ಕೊರೆದಿರುತ್ತಾರೆ. ಕಾರ್ಖಾನೆಯಲ್ಲಿ ಅಳೆದಾಗ ಅದು ಎಷ್ಟು ಹೆಚ್ಚು ಕಡಿಮೆ ಚಿಮ್ಮಿಸಿತು ಎಂಬ ತಿದ್ದುಪಡಿ ಅದು. ಇಂಜೆಕ್ಟರ್ ಬದಲಾದರೆ ಯಾವ ಸಿಲಿಂಡರಿಗೆ ಯಾವ ಕೋಡ್ ಎಂದು ಕಂಪ್ಯೂಟರಿಗೆ ಹೇಳಲೇಬೇಕು. ಸಾವಿರ ರೂಪಾಯಿಯೊಳಗೆ ಸಿಗುವ ಬ್ಲೂಟೂತ್ ಸ್ಕ್ಯಾನರುಗಳಿಂದ ಇದು ಆಗದ ಕೆಲಸ. ಅವು ಕೋಡ್ ಓದುತ್ತವೆ, ಅಳಿಸುತ್ತವೆ, ಅಲ್ಲಿಗೆ ಅವುಗಳ ವಿದ್ಯೆ ಮುಗಿಯಿತು.

ಎಲ್ಲವನ್ನೂ ದಾಟಿಸಬಹುದು, ಒಂದನ್ನು ಬಿಟ್ಟು. ಅತಿ ಹೆಚ್ಚು ತಲೆನೋವು ಕೊಡುವುದೂ ಅದೇ.

ಕ್ರ್ಯಾಂಕ್‌ಶಾಫ್ಟ್ ಈ ಕ್ಷಣದಲ್ಲಿ ಯಾವ ಕೋನದಲ್ಲಿದೆ ಎಂಬುದು ಗೊತ್ತಿಲ್ಲದೆ ಕಂಪ್ಯೂಟರ್ ಕಿಡಿಯನ್ನೂ ಕೊಡಲಾರದು, ಇಂಧನವನ್ನೂ ಬಿಡಲಾರದು. ಅದನ್ನು ಹೇಳಲು ಶಾಫ್ಟಿಗೆ ಹಲ್ಲುಗಳ ಚಕ್ರವೊಂದು ಅಂಟಿಕೊಂಡಿರುತ್ತದೆ, ಪಕ್ಕದಲ್ಲಿ ಸುಮಾರು ಒಂದು ಮಿಲಿಮೀಟರ್ ಸಂದು ಬಿಟ್ಟು ಕ್ರ್ಯಾಂಕ್ ಸೆನ್ಸರ್. ಹೆಚ್ಚು ಪ್ರಚಲಿತವಾದ ಚಕ್ರದಲ್ಲಿ 60 ಹಲ್ಲುಗಳ ಜಾಗವಿದ್ದು ಎರಡನ್ನು ಬೇಕೆಂದೇ ಬಿಟ್ಟಿರುತ್ತಾರೆ. ಒಂದೊಂದು ಹಲ್ಲಿಗೆ ಆರು ಡಿಗ್ರಿ. ಜಪಮಾಲೆಯಲ್ಲಿ ಮೇರುಮಣಿ ಬೆರಳಿಗೆ ತಾಗಿದಾಗ ಒಂದು ಸುತ್ತು ಆಯಿತೆಂದು ಕಣ್ಣು ಮುಚ್ಚಿದವರಿಗೂ ತಿಳಿಯುತ್ತದಲ್ಲ, ಆ ಖಾಲಿ ಜಾಗ ಸೆನ್ಸರಿನ ಮುಂದೆ ಹಾದಾಗ ಕಂಪ್ಯೂಟರಿಗೆ ತಿಳಿಯುವುದೂ ಹಾಗೆಯೇ. ಅಲ್ಲಿಂದ ಅದು ಮತ್ತೆ ಎಣಿಸಲು ಶುರುಮಾಡುತ್ತದೆ. ಕೆಲವು ತಯಾರಕರು 36 ಜಾಗಗಳಲ್ಲಿ ಒಂದನ್ನು ಬಿಡುತ್ತಾರೆ, ಅಲ್ಲಿ ಹಲ್ಲಿಗೆ ಹತ್ತು ಡಿಗ್ರಿ. ಇನ್ನು ಕೆಲವರದು ಬೇರೆಯೇ ವಿನ್ಯಾಸ. ಎಂಜಿನ್ನಿನ ಒಂದು ಆವರ್ತಕ್ಕೆ ಕ್ರ್ಯಾಂಕ್ ಎರಡು ಸುತ್ತು ಹಾಕುವುದರಿಂದ ಇದು ಮೊದಲನೆಯ ಸುತ್ತೋ ಎರಡನೆಯದೋ ಎಂದು ಹೇಳಲು ಕ್ಯಾಮ್‌ಶಾಫ್ಟಿನ ಮೇಲೆ ಇನ್ನೊಂದು ಸೆನ್ಸರ್. ಪಿ0335, ಪಿ0336 ಕ್ರ್ಯಾಂಕಿನ ತಕರಾರು, ಪಿ0340 ಕ್ಯಾಮಿನದು. ಪಿ0016 ಎಂದರೆ ಇಬ್ಬರ ಹೇಳಿಕೆಯೂ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದು.

ಈ ಚಕ್ರ ತರುವ ಪೇಚಿನ ಪ್ರಸಿದ್ಧ ಪ್ರಕರಣ ಅಮೆರಿಕದ್ದು. ಜನರಲ್ ಮೋಟಾರ್ಸ್‌ನ ಎಲ್ಎಸ್ ಕುಟುಂಬದ ವಿ8 ಎಂಜಿನ್ 1997ರ ಕಾರ್ವೆಟ್ ಕಾರಿನಲ್ಲಿ ಮೊದಲು ಕಾಣಿಸಿಕೊಂಡಿತು. ಗಟ್ಟಿ, ಅಗ್ಗ, ಗಾತ್ರದಲ್ಲೂ ಚಿಕ್ಕದು. ಹಾಗಾಗಿ ಮಾಜ್ದಾ, ನಿಸ್ಸಾನ್, ವೋಲ್ವೊ ಎನ್ನದೆ ಸಿಕ್ಕ ಕಾರಿಗೆಲ್ಲ ಅದನ್ನು ಕೂರಿಸುವ ಹವ್ಯಾಸ ಅಲ್ಲಿ ಒಂದು ಉದ್ಯಮವಾಗಿಯೇ ಬೆಳೆದಿದೆ. ಮೊದಲಿನ ತಲೆಮಾರಿನ ಚಕ್ರ ಕ್ರ್ಯಾಂಕಿನ ಒಂದು ಸುತ್ತಿಗೆ 24 ಮಿಡಿತ ಕೊಡುತ್ತಿತ್ತು. ನಂತರದ ತಲೆಮಾರಿನಲ್ಲಿ ಅದು 58 ಹಲ್ಲಿನ, ಎರಡರ ಜಾಗ ಖಾಲಿಯಿರುವ ಚಕ್ರವಾಯಿತು. ಹೊರಗಿನಿಂದ ಬ್ಲಾಕುಗಳು ಅವಳಿಜವಳಿ. 24ಕ್ಕೆ ಒಗ್ಗಿದ ಕಂಪ್ಯೂಟರಿಗೆ 58ರ ಎಂಜಿನ್ ಜೋಡಿಸಿದವರು ಹೊಸ ಕ್ರ್ಯಾಂಕ್ ಸೆನ್ಸರುಗಳನ್ನು ಎಷ್ಟು ಹಾಕಿದರೂ ಕೋಡ್ ಹೋಗುವುದಿಲ್ಲ, ಹೆಚ್ಚಿನ ಸಲ ಗಾಡಿ ಸ್ಟಾರ್ಟೂ ಆಗುವುದಿಲ್ಲ. ಚಕ್ರವಿರುವುದು ಬ್ಲಾಕಿನ ಒಳಗೆ, ಕ್ರ್ಯಾಂಕ್‌ಶಾಫ್ಟಿನ ಹಿಂತುದಿಗೆ ಒತ್ತಿ ಕೂರಿಸಿದ ಉಂಗುರವಾಗಿ. ಅದನ್ನು ಬದಲಿಸಬೇಕೆಂದರೆ ಎಂಜಿನ್ ಪೂರ್ತಿ ಬಿಚ್ಚಬೇಕು. ಗುರುತು ಹಿಡಿಯುವ ಉಪಾಯ ಮಾತ್ರ ತೀರಾ ಸರಳ. 24ರ ಎಂಜಿನ್ನಿನ ಕ್ರ್ಯಾಂಕ್ ಸೆನ್ಸರ್ ಸಾಮಾನ್ಯವಾಗಿ ಕಪ್ಪು, ಕ್ಯಾಮ್ ಸೆನ್ಸರ್ ಬ್ಲಾಕಿನ ಹಿಂಬದಿಯಲ್ಲಿ. 58ರದು ಬೂದು ಬಣ್ಣ, ಕ್ಯಾಮ್ ಸೆನ್ಸರ್ ಮುಂದಿನ ಟೈಮಿಂಗ್ ಕವರಿನಲ್ಲಿ. ಇಷ್ಟನ್ನು ಕೊಳ್ಳುವಾಗಲೇ ನೋಡಿದ್ದರೆ ಆಗುತ್ತಿತ್ತು. ನೋಡದವರಿಗಾಗಿ 58ರ ಮಿಡಿತವನ್ನು 24ಕ್ಕೆ ಮಾರ್ಪಡಿಸಿ ಕಂಪ್ಯೂಟರಿಗೆ ಕೊಡುವ ಪುಟ್ಟ ಪೆಟ್ಟಿಗೆಗಳನ್ನೂ ಅಲ್ಲಿನ ಮಾರುಕಟ್ಟೆ ಮಾಡಿಟ್ಟಿದೆ. ಎಂಜಿನ್ನಿಗೆ ತಕ್ಕ ಕಂಪ್ಯೂಟರನ್ನೇ ಹಾಕುವುದು ಇನ್ನೂ ನೇರ ದಾರಿ ಎಂಬುದು ನನ್ನ ಅಭಿಪ್ರಾಯ. ನಡುವೆ ಒಬ್ಬ ದುಭಾಷಿಯನ್ನು ಕೂರಿಸಿದರೆ ಮುಂದೆ ದೋಷ ಹುಡುಕುವವನಿಗೆ ಇನ್ನೊಂದು ಅನುಮಾನದ ಜಾಗ ಹುಟ್ಟುತ್ತದೆ.

ನಮ್ಮ ಗ್ಯಾರೇಜುಗಳಲ್ಲಿ ಇದು ಇನ್ನೊಂದು ವೇಷದಲ್ಲಿ ಬರುತ್ತದೆ. ಹಲವು ಎಂಜಿನ್ನುಗಳಲ್ಲಿ ಹಲ್ಲಿನ ಚಕ್ರ ಫ್ಲೈವೀಲಿನ ಮೇಲೆಯೇ ಇರುತ್ತದೆ. ಎಂಜಿನ್ ಬದಲಿಸುವಾಗ ‘ಫ್ಲೈವೀಲ್ ಇದರದ್ದು ಚೆನ್ನಾಗಿದೆ, ಅದನ್ನೇ ಹಾಕಿಬಿಡೋಣ’ ಎನ್ನುತ್ತಾರೆ. ಕ್ಲಚ್ಚಿಗೆ ಸರಿಯಾಗುತ್ತದೆ, ಬೋಲ್ಟುಗಳೂ ಹೊಂದುತ್ತವೆ, ಹಲ್ಲಿನ ಲೆಕ್ಕವೋ ಖಾಲಿ ಜಾಗದ ಸ್ಥಾನವೋ ಬೇರೆ. ಅಥವಾ ಸೆನ್ಸರಿನ ಜಾತಿಯೇ ಬೇರೆ. ಎರಡು ವೈರಿನ ಸೆನ್ಸರ್ ಸಾಮಾನ್ಯವಾಗಿ ಅಯಸ್ಕಾಂತ ಮತ್ತು ಸುರುಳಿಯದು. ಹಲ್ಲು ಹಾದಾಗ ತಾನೇ ವಿದ್ಯುತ್ ಹುಟ್ಟಿಸುತ್ತದೆ, ವೇಗ ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚು. ಮೂರು ವೈರಿನದು ಹೆಚ್ಚಾಗಿ ಹಾಲ್ ಸೆನ್ಸರ್, ಅದಕ್ಕೆ ಹೊರಗಿನಿಂದ ವಿದ್ಯುತ್ ಬೇಕು, ಅದು ಕೊಡುವುದು ಚೌಕ ಅಲೆ. ಒಂದರ ಜಾಗದಲ್ಲಿ ಇನ್ನೊಂದು ನಡೆಯುವುದಿಲ್ಲ. ಎರಡು ವೈರಿನದರಲ್ಲಿ ಇನ್ನೊಂದು ಪೇಚಿದೆ: ಕತ್ತರಿಸಿದ ವೈರುಗಳನ್ನು ಜೋಡಿಸುವಾಗ ಅವು ಅದಲುಬದಲಾದರೆ ಅಲೆ ತಲೆಕೆಳಗಾಗುತ್ತದೆ. ಗಾಡಿ ಸ್ಟಾರ್ಟ್ ಆದರೂ ಆಗಬಹುದು, ಆದರೆ ಕಂಪ್ಯೂಟರ್ ಖಾಲಿ ಜಾಗದ ಅಂಚನ್ನು ತಪ್ಪಾಗಿ ಗುರುತಿಸುತ್ತದೆ, ಆರ್‌ಪಿಎಂ ಏರಿದಾಗ ಎಣಿಕೆ ತಪ್ಪುತ್ತದೆ. ಮಲ್ಟಿಮೀಟರಿನಲ್ಲಿ ರೋಧ ಅಳೆದರೆ ಎಲ್ಲ ಸರಿಯೆಂದೇ ತೋರುತ್ತದೆ. ಸಿಕ್ಕಿಬೀಳುವುದು ಆಸಿಲೊಸ್ಕೋಪಿನಲ್ಲಿ ಮಾತ್ರ. ಲ್ಯಾಪ್‌ಟಾಪಿಗೆ ಜೋಡಿಸುವ ಸಣ್ಣ ಸ್ಕೋಪುಗಳು ಈಗ ದುಬಾರಿಯಲ್ಲ. ಕ್ರ್ಯಾಂಕ್ ಮತ್ತು ಕ್ಯಾಮ್ ಎರಡರ ಅಲೆಯನ್ನೂ ಒಂದೇ ಪರದೆಯ ಮೇಲೆ ಇಟ್ಟು ನೋಡಿದರೆ, ಮೂರು ಸೆನ್ಸರುಗಳ ದುಡ್ಡು ಹೇಳದ ಉತ್ತರ ಹತ್ತು ನಿಮಿಷದಲ್ಲಿ ಸಿಗುತ್ತದೆ. ಹಲ್ಲುಗಳನ್ನು ಬೆರಳಿಟ್ಟು ಎಣಿಸಬಹುದು.

ಇಷ್ಟೆಲ್ಲ ಗಹನವಾದ ಕಾರಣಗಳಿಗೆ ಹೋಗುವ ಮೊದಲು ನೋಡಬೇಕಾದ ಒಂದು ವೈರಿದೆ, ಅದು ಸೆನ್ಸರಿನದಲ್ಲ. ಎಂಜಿನ್ ಕೂರುವುದು ರಬ್ಬರ್ ಮೌಂಟುಗಳ ಮೇಲೆ, ರಬ್ಬರಿನಲ್ಲಿ ವಿದ್ಯುತ್ ಹರಿಯದು. ಆದ್ದರಿಂದ ಎಂಜಿನ್ನಿನಿಂದ ಬಾಡಿಗೆ, ಬ್ಯಾಟರಿಯ ನೆಗೆಟಿವ್‌ಗೆ ದಪ್ಪ ಅರ್ತ್ ಕೇಬಲ್ ಇರುತ್ತದೆ. ಎಂಜಿನ್ ಇಳಿಸುವಾಗ ಅದನ್ನು ಬಿಚ್ಚುತ್ತಾರೆ, ಏರಿಸಿದ ಮೇಲೆ ಮರೆಯುತ್ತಾರೆ, ಇಲ್ಲವೇ ಪೇಂಟ್ ಬಳಿದ ಜಾಗಕ್ಕೆ ಬಿಗಿಯುತ್ತಾರೆ. ಸ್ಟಾರ್ಟರಿನ ಭಾರೀ ಕರೆಂಟ್ ಆಗ ಸೆನ್ಸರಿನ ಸಣ್ಣ ವೈರುಗಳನ್ನೂ ಕ್ಲಚ್ ಕೇಬಲ್ಲನ್ನೂ ಹುಡುಕಿಕೊಂಡು ಹರಿಯುತ್ತದೆ. ಕೋಡುಗಳು ಒಂದಲ್ಲ, ನಾಲ್ಕಾರು, ಒಂದಕ್ಕೊಂದು ಸಂಬಂಧವಿಲ್ಲದವು ಬೀಳುತ್ತವೆ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟ್ ದಾಟಿದರೆ ಅರ್ತ್ ಸರಿಯಿಲ್ಲ. ನನ್ನನ್ನು ಕೇಳಿದರೆ ಎಂಜಿನ್ ಬದಲಿಸಿದ ಗಾಡಿಯ ಮೇಲೆ ಮಾಡಬೇಕಾದ ಮೊಟ್ಟಮೊದಲ ಅಳತೆ ಇದೇ, ಸ್ಕ್ಯಾನರಿಗಿಂತಲೂ ಮುಂಚೆ.

ಕೋಡುಗಳ ಗುಂಪೇ ಬರಲು ಇನ್ನೊಂದು ಕಾರಣವೂ ಉಂಟು. ಹಲವು ಸೆನ್ಸರುಗಳು ಕಂಪ್ಯೂಟರ್ ಕೊಡುವ ಒಂದೇ ಐದು ವೋಲ್ಟಿನ ತಂತಿಯನ್ನು ಹಂಚಿಕೊಂಡಿರುತ್ತವೆ. ಅವುಗಳಲ್ಲಿ ಒಂದು ಶಾರ್ಟ್ ಆದರೆ, ಅಥವಾ ಗೇರ್‌ಬಾಕ್ಸ್ ಮತ್ತು ಬ್ಲಾಕಿನ ನಡುವೆ ಒಂದು ವೈರ್ ಅಪ್ಪಚ್ಚಿಯಾಗಿದ್ದರೆ ಎಲ್ಲವೂ ಒಟ್ಟಿಗೆ ತಪ್ಪು ಹೇಳುತ್ತವೆ. ಆ ತಂತಿಯ ವೋಲ್ಟೇಜ್ ನೋಡುತ್ತ ಒಂದೊಂದೇ ಕಪ್ಲರ್ ಬಿಚ್ಚುತ್ತ ಹೋದರೆ, ಯಾವುದನ್ನು ಬಿಚ್ಚಿದಾಗ ಐದು ವೋಲ್ಟ್ ಮರಳಿತೋ ಅದೇ ಕಳ್ಳ. ಎರಡು ಕಪ್ಲರುಗಳು ಒಂದೇ ಆಕಾರದಲ್ಲಿದ್ದು ಅದಲುಬದಲಾಗಿರುವುದೂ ಹೊಸದೇನಲ್ಲ. ಎಂಜಿನ್ ಇಳಿಸುವ ಮೊದಲು ಮೊಬೈಲಿನಲ್ಲಿ ಹತ್ತು ಫೋಟೊ ತೆಗೆದಿಟ್ಟುಕೊಂಡವರಿಗೆ ಇದು ಬಾಧಿಸದು.

ಕೋಡ್ ಕಂಡ ಕೂಡಲೇ ಅಳಿಸುವ ಚಟವೊಂದು ಬಿಟ್ಟುಹೋದರೆ ಅರ್ಧ ಕೆಲಸ ಹಗುರ. ದೋಷ ದಾಖಲಾದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಕೂಲೆಂಟ್ ಎಷ್ಟು ಬಿಸಿಯಿತ್ತು, ಗಾಡಿಯ ವೇಗ ಎಷ್ಟು, ಎಂಜಿನ್ ಮೇಲೆ ಎಷ್ಟು ಹೊರೆಯಿತ್ತು ಎಂಬುದನ್ನು ಕಂಪ್ಯೂಟರ್ ಬರೆದಿಟ್ಟಿರುತ್ತದೆ. ಸ್ಕ್ಯಾನರಿನ ಮೆನುವಿನಲ್ಲಿ ಅದರ ಹೆಸರು ಫ್ರೀಜ್ ಫ್ರೇಮ್. ಕ್ರ್ಯಾಂಕ್ ಕೋಡ್ ಬಿದ್ದದ್ದು 250 ಆರ್‌ಪಿಎಂನಲ್ಲಿ ಎಂದರೆ ಸೆಲ್ಫ್ ಹೊಡೆಯುವಾಗ, ಅಂದರೆ ಅರ್ತ್ ಅಥವಾ ಬ್ಯಾಟರಿ. 4,000ದಲ್ಲಿ ಎಂದರೆ ವೈರಿನ ದಿಕ್ಕನ್ನೋ ಸಂದಿನ ಅಂತರವನ್ನೋ ಹಲ್ಲುಗಳನ್ನೋ ಅನುಮಾನಿಸಬೇಕು. ಕೋಡ್ ಅಳಿಸಿದರೆ ಈ ಚೀಟಿಯೂ ಹೋಯಿತು. ಬ್ಯಾಟರಿ ಟರ್ಮಿನಲ್ ಬಿಚ್ಚಿದರೂ ಹಲವು ಗಾಡಿಗಳಲ್ಲಿ ಅಷ್ಟೇ. ದೋಷ ನಿಜವಾಗಿಯೂ ಹೋಗಿದ್ದರೆ ಅಳಿಸುವ ಅಗತ್ಯವೂ ಇಲ್ಲ. ಸಾಮಾನ್ಯವಾಗಿ ಮೂರು ಓಡಾಟಗಳಲ್ಲಿ ಅದು ಮರುಕಳಿಸದಿದ್ದರೆ ದೀಪ ತಾನಾಗಿ ಆರುತ್ತದೆ. ದೀಪದ ಬಲ್ಬನ್ನೇ ಕಿತ್ತು, ಅಥವಾ ಅದರ ಮೇಲೆ ಕಪ್ಪು ಟೇಪ್ ಅಂಟಿಸಿ ಗಾಡಿ ಮಾರುವವರ ವಿಷಯ ಗೊತ್ತೇ ಇದೆ. ಹಳೆಯ ಕಾರು ಕೊಳ್ಳುವವರು ಕೀ ಆನ್ ಮಾಡಿದಾಗ ಆ ದೀಪ ಒಮ್ಮೆ ಹತ್ತುತ್ತದೆಯೇ ಎಂದು ನೋಡಿಕೊಂಡರೆ ಸಾಕು. ಹತ್ತದ ದೀಪ ಹತ್ತಿದ ದೀಪಕ್ಕಿಂತ ಕೆಟ್ಟದ್ದು.

ಕಾಗದಪತ್ರದ ಮಾತೂ ಇದೆ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಮೊದಲೇ ಅನುಮತಿ ಪಡೆಯದೆ ಎಂಜಿನ್ ಬದಲಿಸಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ತಿದ್ದಿಸಿಕೊಳ್ಳಬೇಕು. ಅಪಘಾತವಾಗಿ ವಿಮೆಯವರು ಬಂದು ನಂಬರ್ ಉಜ್ಜಿ ನೋಡಿದ ದಿನ ಇದು ನೆನಪಾಗುವುದಕ್ಕಿಂತ ಮೊದಲೇ ಮಾಡಿಸುವುದು ಒಳ್ಳೆಯದು. ಎಂಜಿನ್ ಯಾವ ಗಾಡಿಯದು ಎಂಬುದಕ್ಕೆ ಗುಜರಿಯವನಿಂದ ಬಿಲ್ ಪಡೆದಿರಬೇಕು ಎಂಬುದೂ ಇದರ ಜೊತೆಗೇ ಬಂತು. ಕಳವಿನ ಗಾಡಿಯ ಎಂಜಿನ್ನಿಗೂ ಗುಜರಿಯ ಬೆಲೆಯೇ ಇರುತ್ತದೆ.

ಮತ್ತೆ ಆ ಗಲ್ಲಿಗೆ ಹೋಗುವವರಿಗೆ ಇಷ್ಟು: ಸಾಧ್ಯವಿದ್ದರೆ ಎಂಜಿನ್ನಿನ ಜೊತೆ ಅದರ ಇಸಿಎಂ, ಇಮ್ಮೊಬಿಲೈಸರ್, ಕೀ, ಮೂರನ್ನೂ ಒಂದೇ ಗಾಡಿಯಿಂದ ಕೇಳಿ, ಒಂದನ್ನು ಬಿಟ್ಟು ಇನ್ನೊಂದು ಹಲವು ಕಾರುಗಳಲ್ಲಿ ಕೆಲಸಕ್ಕೆ ಬಾರದು. ವೈರಿಂಗನ್ನು ಕತ್ತರಿಸಲೇಬೇಕೆಂದರೆ ಕಪ್ಲರಿನಿಂದ ಒಂದಡಿಯಾದರೂ ವೈರ್ ಬಿಟ್ಟು ಕತ್ತರಿಸಲು ಹೇಳಿ. ಕ್ರ್ಯಾಂಕ್ ಸೆನ್ಸರನ್ನು ಬಿಚ್ಚಿಸಿ, ಆ ತೂತಿನೊಳಗೆ ಮೊಬೈಲಿನ ಟಾರ್ಚ್ ಹಾಕಿ, ಪುಲ್ಲಿ ತಿರುಗಿಸುತ್ತ ಹಲ್ಲುಗಳನ್ನು ಎಣಿಸಿ. ಗುಜರಿಯವನು ವಿಚಿತ್ರವಾಗಿ ನೋಡಿದರೂ ಚಿಂತೆಯಿಲ್ಲ, ಎಣಿಕೆ ತಪ್ಪದಿರಲಿ.